ಹೊಳೆವ್ವ ನಗಬಾರದು

ಕಬ್ಬೂರಿನ ಸತ್ಯಪ್ಪನ ಹೆಂಡತಿ ಸಾವಕ್ಕನಿಗೆ ನಿದ್ದೆಯ ರೋಗವಿತ್ತು. ರೊಟ್ಟಿ ಬಡಿಯುತ್ತ ಕೂತಲ್ಲೇ ನಿದ್ದೆ ಹೋಗುವಳು. ಹಂಚಿಗೆ ತಾಗಿ ಸುಟ್ಟ ಕಲೆಗಳು ಅಂಗೈ ತುಂಬ ಇದ್ದವು. ಜೋರಾಗಿ ನಕ್ಕರಂತೂ ಮೊಳಕಾಲು ಸೋತು ಕುಸಿದೇ ಬೀಳುವಳು. "ಬಿದ್ದಾಗ ಎಲ್ಲಾ ಕೇಳಸ್ತೈತಿ, ಕಣ್ಣ ತೆರಿಯಾಕಷ್ಟ ಆಗೂದಿಲ್ಲ," ಎಂದು ಆಕೆ ಹೇಳಿದರೆ ಓಣಿಯವರಾದ ನಾವು ಯಾರೂ ನಂಬುತ್ತಿರಲಿಲ್ಲ. ಹೆಣ್ಣುಮಕ್ಕಳಿಬ್ಬರೂ ನಂಬುತ್ತಿದ್ದರು.

ತೊಂಬತ್ತಾರನೇ ಇಸವಿಯಲ್ಲಿ ಹಿರಿಯವಳು ತಾರವ್ವನಿಗೆ ಮಂಗಸೂಳಿಯ ಮಲಕಾರಿಯೊಂದಿಗೆ ಮದುವೆ ಗೊತ್ತಾಯಿತು. ಹುಡುಗಿ ಆಗಲೇ ತಲೆದಿಂಬಿನ ಮೇಲೆ ಅವನ ಹೆಸರು ಹೆಣೆಯುತ್ತ ಕೂತಿದ್ದಳು. ಅಷ್ಟರಲ್ಲಿ ಸಾವಕ್ಕನ ಸುದ್ದಿ ಮಲಕಾರಿಯ ಅಕ್ಕ ಲಕ್ಷ್ಮಿಬಾಯಿಯ ಕಿವಿಗೆ ಬಿತ್ತು. ಆಕೆಯ ಗಂಡ ದಾದಾಸಾಹೇಬ ಮಿರಜಿನಲ್ಲಿ ಒಬ್ಬ ಡಾಕ್ಟರರ ಕೈಕೆಳಗೆ ಕಂಪೌಂಡರ್. ಇಂಥ ರೋಗ ಮಕ್ಕಳಿಗೆ ಬರುವ ಸಂಭವವಿದೆಯೋ ಇಲ್ಲವೋ ಎಂದು ಈಗ ರಕ್ತದಲ್ಲೇ ನೋಡುತ್ತಾರೆಂದು ಅವನು ಹೇಳಿದ. ತಾರವ್ವನ ರಕ್ತ ಮಿರಜಿನಿಂದ ಮುಂಬೈಗೆ ಹೋಯಿತು.

ರೋಗದ ಗುರುತು ರಕ್ತದಲ್ಲಿದೆ ಎಂದು ಉತ್ತರ ಬಂತು. ಆ ಗುರುತು ಗಟ್ಟಿಮುಟ್ಟಾದ ಎಷ್ಟೋ ಜನರಲ್ಲೂ ಇರುತ್ತದೆ, ಇದ್ದವರಿಗೆಲ್ಲ ರೋಗ ಬರುವುದಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದ್ದರಂತೆ. ಮಿರಜಿನಿಂದ ಬರುವ ದಾರಿಯಲ್ಲಿ ಕಾಗವಾಡ ದಾಟುವಷ್ಟರಲ್ಲಿ ಆ ಮಾತನ್ನು ದಾದಾಸಾಹೇಬ ನುಂಗಿ ನೀರು ಕುಡಿದಿದ್ದ.

"ರಕ್ತದಾಗ ಬಂದೈತ್ರಿ ಕಾಕಾ," ಎಂದಳು ಲಕ್ಷ್ಮಿಬಾಯಿ, ಸತ್ಯಪ್ಪನ ಪಡಸಾಲೆಯಲ್ಲಿ ಕೂತು. "ಗೊತ್ತಿದ್ದೂ ಗೊತ್ತಿದ್ದೂ ಇಂಥಾಕಿನ್ನ ಹೆಂಗ ಮನಿ ತುಂಬಿಸ್ಕೊಳ್ಳೂದ್ರಿ?" ಚಹಾ ತಂದ ಕಿರಿಯವಳು ಹೊಳೆವ್ವನನ್ನು ಆಕೆ ಕಣ್ಣಲ್ಲೇ ಅಳೆದಳು. "ಸಣ್ಣಾಕಿ ಮಾರಿ ಥೇಟ್ ನಿಮ್ಮದ ಐತಲ್ರಿ. ಅಪ್ಪನ ಮಾರಿ ಹೊತ್ತ ಬಂದಾಕಿಗಿ ಅವ್ವನ ರಕ್ತ ಎಲ್ಲಿಂದ ಬರಬೇಕ್ರಿ? ಈಕಿನ್ನ ಕೊಡ್ರಿ."

ಸತ್ಯಪ್ಪ ಒಪ್ಪಿಕೊಂಡ. ತಾರವ್ವ ಬಾಗಿಲ ಹಿಂದೆಯೇ ನಿಂತಿದ್ದಳು. ಆಕೆಯನ್ನು ಒಂದು ಮಾತು ಕೇಳಬೇಕೆಂದು ಆ ಮನೆಯಲ್ಲಿ ಯಾರಿಗೂ ತೋಚಲಿಲ್ಲ.

ಆದರೆ ತಾಯಿಯ ರೋಗ ಬಂದದ್ದು ಅಪ್ಪನ ಮುಖದ ಹೊಳೆವ್ವನಿಗೇ. ಹಿಂದಿನ ವರ್ಷ ತಂಬಾಕಿನ ಹೊಲದಲ್ಲಿ ನಗುತ್ತ ನಗುತ್ತ ಬಿದ್ದಿದ್ದಳು. ಅದು ತಾಯಿಗೂ ಅಕ್ಕನಿಗೂ ಮಾತ್ರ ಗೊತ್ತು.

"ಅರಿಷಿಣದ ದಿನ ತಂಗಿ ಬಾಜೂಕ ನೀನ ಕುಂದ್ರ," ಎಂದು ಸಾವಕ್ಕ ತಾರವ್ವನ ಗದ್ದ ಹಿಡಿದಳು. "ಒಡಪ ಹೇಳಿ ನಗಸಾಕ ನೋಡ್ತಾರ. ಆಕಿ ನಗಬಾರ್ದು. ತೊಡಿ ಚೂಟಿ ಹಿಡಿ."

"ನೀ ಇದ್ರ ನನಗ ಅಂಜಿಕಿ ಇಲ್ಲ ಅಕ್ಕಾ," ಎಂದಳು ಹೊಳೆವ್ವ.

ಅರಿಷಿಣದ ದಿನ ಮಂಗಸೂಳಿಯ ಹೆಂಗಸರು ಬಂದು ಹಂದರದಲ್ಲಿ ಮದುಮಗಳ ಸುತ್ತ ಕೂತರು. ಗಂಡನ ಹೆಸರು ಪ್ರಾಸದಲ್ಲಿ ಕೂಡಿಸಿ ಒಡಪು ಹೇಳದೆ ಅವರು ಯಾರನ್ನೂ ಬಿಡುವವರಲ್ಲ. ಒಬ್ಬಳಿಗಿಂತ ಒಬ್ಬಳು ಪೋಲಿ ಒಡಪು ಹೇಳಿದರು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ತಾರವ್ವ ಸೆರಗಿನ ಮರೆಯಲ್ಲಿ ತಂಗಿಯ ತೊಡೆ ಚೂಟಿ ಹಿಡಿದೇ ಇದ್ದಳು. ಹೊಳೆವ್ವ ತುಟಿ ಕಚ್ಚಿ ಎಲ್ಲವನ್ನೂ ದಾಟಿದಳು.

ಲಕ್ಷ್ಮಿಬಾಯಿ ಹೊಳೆವ್ವನ ಕೈತುಂಬ ಹಸಿರು ಬಳೆ ಇಡಿಸಿದಳು. ಅಲ್ಲಿಗೇ ಸುಮ್ಮನಾಗಿದ್ದರೆ ಆಕೆಯ ಗಂಟೇನು ಹೋಗುತ್ತಿತ್ತು? ತಾರವ್ವನ ಕಡೆ ತಿರುಗಿ, "ನೀನೂ ನಮ್ಮ ಮಲಕಾರಿ ಹೆಸರೀಲೆ ಒಂದ ಒಡಪ ಹೇಳ ಬೇ," ಎಂದಳು. "ಗಂಡನ ಹೆಸರ ಹೇಳೂ ಯೋಗ ನಿನಗ ಇನ್ನ ಎಲ್ಲಿ ಬರತೈತಿ?"

ತಾರವ್ವ ತಂಗಿಯ ತೊಡೆಯಿಂದ ಕೈ ತೆಗೆದಳು. ತಂಗಿಯ ಮುಖವನ್ನೇ ನೋಡುತ್ತ, ರಾಗ ಎಳೆದು ಹೇಳಿದಳು:

"ಕಟ್ಟಿ ಮ್ಯಾಲ ಕೊಡಪಾನ, ಕೊಡಪಾನದಾಗ ಹಾಲ,
ಎತ್ತ ಹಿಂಡಾಕ ಕುಂತ ಮಲಕಾರಿ ಹಿಡದಾನ ಬಾಲ!"

ಹಂದರ ಹಾರಿಹೋಗುವಂತೆ ನಗೆ ಎದ್ದಿತು. ಹೊಳೆವ್ವನೂ ನಕ್ಕಳು. ನಗುತ್ತಲೇ ಗದ್ದ ಎದೆಗೆ ಬಿತ್ತು, ಕಣ್ಣು ಮುಚ್ಚಿದವು, ಮೈ ಜಾರಿ ಅರಿಷಿಣದ ತಟ್ಟೆಯ ಮೇಲೆ ಬಿದ್ದಿತು.

ಲಕ್ಷ್ಮಿಬಾಯಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಮರುದಿನ ಅಕ್ಷತೆ, ಒಲೆಯ ಮೇಲೆ ಬುಂದಿ, ಊರಿಗೆಲ್ಲ ಕರೆ ಹೋಗಿದೆ. "ಮುಂಬೈದವರ ಮಾತ ಯಾವ ಖರೇರಿ? ಕಣ್ಣೀಲೆ ಕಂಡದ್ದ ಖರೆ," ಎಂದಳು. "ಹಿರ್ಯಾಕಿ ಗಟ್ಟಿ ಕುಂತಾಳ. ಆಕಿನ್ನ ಕೊಡ್ರಿ ಕಾಕಾ. ಇದನ್ನ ಮನ್ಯಾಗ ಇಟ್ಕೋರಿ."

"ಆಗ್ಲಿ," ಎಂದ ಸತ್ಯಪ್ಪ.

"ಆಕಿಗಿ ಎಲ್ಲಾ ಕೇಳಸಾಕತ್ತೈತ್ರಿ!" ಸಾವಕ್ಕ ಎದೆ ಬಡಿದುಕೊಂಡಳು. "ಹೊರಗ ಹೋಗಿ ಮಾತಾಡ್ರಿ, ನಿಮ್ಮ ಕಾಲ ಬೀಳ್ತೀನಿ!"

ಹುಚ್ಚಿಯ ಮಾತು ಎಂದು ಎಲ್ಲರೂ ಅಲ್ಲೇ ನಿಂತು ಮಾತಾಡಿದರು. ಆಕೆಯನ್ನು ನಂಬಿದವಳು ತಾರವ್ವ ಒಬ್ಬಳೇ.

"ಹೊಸಾ ಬಳಿ ತರಾಕ ಈಗ ಬಳಗಾರ ಎಲ್ಲಿ ಸಿಗತಾನ? ಆಕಿ ಕೈಯಾಗಿನ ಬಳೀನ ಇಟ್ಕೋ," ಎಂದಳು ಲಕ್ಷ್ಮಿಬಾಯಿ ತಾರವ್ವನಿಗೆ. ಮದುಮಗಳ ಹಸಿರು ಬಳೆ ತೆಗೆಯಬಾರದೆಂದು ಅಲ್ಲಿದ್ದ ಒಬ್ಬ ಮುತ್ತೈದೆಯೂ ಬಾಯಿ ಬಿಡಲಿಲ್ಲ. ತಾರವ್ವ ತಂಗಿಯ ಕೈ ಎತ್ತಿಕೊಂಡಳು. ಜೀವವಿಲ್ಲದಂತೆ ಸೋತ ಕೈ, ಬಳೆಗಳು ಸಲೀಸಾಗಿ ಜಾರಿ ಬಂದವು.

ಹೊಳೆವ್ವನ ಮುಚ್ಚಿದ ಕಣ್ಣುಗಳಿಂದ ನೀರು ಇಳಿದು ಕೆನ್ನೆಯ ಅರಿಷಿಣವನ್ನು ತೊಳೆಯುತ್ತಿತ್ತು. ತಾರವ್ವ ಅದನ್ನು ನೋಡಿದಳು. ಬಗ್ಗಿ ಕಿವಿಯ ಹತ್ತಿರ, "ಮಲ್ಕೋ ಹೊಳೆವ್ವಾ," ಎಂದಳು. ಆಮೇಲೆ ಇನ್ನೊಂದು ಕೈ ಎತ್ತಿಕೊಂಡಳು.