ಎದೆಯೊಳಗಿನ ಹಳೇ ತಂತಿ

“ನಿನಗೆ ಅನ್ನ ಹಾಕ್ತಿರೋದು ಆ ಮುದುಕಿನಾ, ನಾನಾ?”

ಆಸ್ಪತ್ರೆಯ ಬಿಲ್ಲಿಂಗ್ ಕೋಣೆಯ ಮೇಲ್ವಿಚಾರಕ ಹೀಗೆ ಕೇಳಿದಾಗ ಹೆಂಗಸರೆಲ್ಲ ತಲೆ ತಗ್ಗಿಸಿ ಕೀಲಿಮಣೆ ಕುಟ್ಟತೊಡಗಿದರು. ಒಬ್ಬಳಿಗೆ ಬೈಗುಳ ಬಿದ್ದರೆ ಎಲ್ಲರ ಬೆರಳೂ ಚುರುಕಾಗುವುದು ಅಲ್ಲಿನ ರೂಢಿ. ಬೆನ್ನ ಹಿಂದೆ ಅವನಿಗೆ ಗಂಟಲು ಎಂದು ಹೆಸರು. ಅವನು ಬಾಯಿ ತೆರೆದರೆ ನೆಲಮಾಳಿಗೆಯ ಇನ್ನೊಂದು ತುದಿಯ ಲಾಂಡ್ರಿಯವರೆಗೂ ಕೇಳುತ್ತಿತ್ತು.

“ಸಾರ್, ಡಾಕ್ಟ್ರು ರಿಪೇರಿ ಅಂತ ಬರ್ದಿದಾರೆ,” ಎಂದಳು ಗುಬ್ಬಿ. ಸಣ್ಣ ಆಳು, ಸಣ್ಣ ದನಿ. ಹೆತ್ತವರಿಟ್ಟ ಹೆಸರು ಅಲ್ಲಿ ಯಾರಿಗೂ ಬೇಕಿರಲಿಲ್ಲ. “ಪೇಸ್‌ಮೇಕರಿನ ತಂತಿ ಮೇಲಿನ ಹೊದಿಕೆ ಬಿರುಕು ಬಿಟ್ಟಿತ್ತು. ಅದಕ್ಕೆ ತೇಪೆ ಹಾಕಿ, ಅದೇ ತಂತೀನ ಮತ್ತೆ ಜೋಡ್ಸಿದಾರೆ. ಹೊಸ ತಂತಿ ಹಾಕಿದ ಕೋಡ್ ಹೇಗೆ ಕೊಡ್ಲಿ?”

“ಬೆರಳಲ್ಲಿ ಕೊಡು. ಇನ್ನೆಲ್ಲಿಂದ ಕೊಡ್ತೀಯ?”

ಯಾರೋ ಕಿಸಕ್ಕೆಂದು ನಕ್ಕು, ನಕ್ಕದ್ದನ್ನು ಮುಚ್ಚಲು ಕೆಮ್ಮಿದರು.

ಡಾಕ್ಟರು ಬರೆದದ್ದನ್ನು ಓದಿ ಅದಕ್ಕೆ ತಕ್ಕ ಅಂಕಿ ಹಾಕುವುದು ಗುಬ್ಬಿಯ ಕೆಲಸ. ಆ ಅಂಕಿ ನೋಡಿ ಕಾರ್ಮಿಕರ ವಿಮೆ ಆಸ್ಪತ್ರೆಗೆ ಹಣ ಕೊಡುತ್ತದೆ. ರಿಪೇರಿಗೆ ಚಿಲ್ಲರೆ, ಹೊಸ ತಂತಿಗೆ ಗಂಟು. ಯಾರದೋ ಹಣ ಯಾರದೋ ಜೇಬಿಗೆ ಎಂದು ಅವಳು ಸುಮ್ಮನಾಗಬಹುದಿತ್ತು. ಆದರೆ ಆ ವಿಮೆಯಲ್ಲಿ ಒಬ್ಬರಿಗೆ ಹೊಸ ತಂತಿ ಸಿಗುವುದು ಒಂದೇ ಸಲ. ಇವತ್ತು ಕೊಟ್ಟಿದೆ ಎಂದು ಬರೆದರೆ, ನಾಳೆ ತೇಪೆ ಕಿತ್ತುಹೋಗಿ ಎದೆ ಬಡಿತ ತಪ್ಪಿದಾಗ ಕೊಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಆ ಎದೆಯಾದರೂ ಪರರದಲ್ಲ, ಲಾಂಡ್ರಿಯ ಇಸ್ತ್ರಿ ದೊಡ್ಡಮ್ಮನದು. ಬಿಲ್ಲಿಂಗ್ ಕೋಣೆಯ ಯಂತ್ರಗಳಿಗೆಂದು ಬಿಟ್ಟ ತಂಪುಗಾಳಿಗೆ ಹೆಂಗಸರ ಕತ್ತು ಮರಗಟ್ಟುವುದನ್ನು ಕಂಡು, ಆಗತಾನೇ ಇಸ್ತ್ರಿಯಾದ ದಿಂಬಿನ ಚೀಲವನ್ನು ಮಡಿಸಿ ತಂದು ಅವರ ಕತ್ತಿಗೆ ಒತ್ತುತ್ತಿದ್ದವಳು. ಮೂರು ದಿನದಿಂದ ಮೇಲಿನ ವಾರ್ಡಿನಲ್ಲಿ ಮಲಗಿದ್ದಳು.

ಗುಬ್ಬಿ ಎದ್ದು ಡಾಕ್ಟರನ್ನು ಹುಡುಕಿಕೊಂಡು ಹೋದಳು. ಆಪರೇಷನ್ ಕೋಣೆಯ ಹೊರಗೆ ಅವರು ಕೈ ತೊಳೆಯುತ್ತಿದ್ದರು. ಹೇಳಿದ್ದೆಲ್ಲವನ್ನೂ ಕೊನೆಯವರೆಗೆ ಕೇಳಿಸಿಕೊಂಡರು.

“ನಾನು ಬರ್ದಿದ್ದು ಸರಿ ಇದೆಯಲ್ಲಮ್ಮ?”

“ಸರಿ ಇದೆ ಸಾರ್. ಅದನ್ನೇ ಒಂದು ಮಾತು ಕೆಳಗೆ ಬಂದು ಹೇಳಿದ್ರೆ...”

“ಕೆಳಗಡೆ ವ್ಯವಹಾರಕ್ಕೆ ನನ್ನನ್ನ ಎಳೀಬೇಡ. ನನಗೂ ಮನೆ ಮಠ ಇದೆ.” ಅವರು ಒದ್ದೆ ಕೈಯಲ್ಲೇ ಲಿಫ್ಟಿನ ಬಾಗಿಲನ್ನು ಅವಳಿಗಾಗಿ ಹಿಡಿದು ನಿಂತರು. ಅಷ್ಟು ಮಾಡಿದರು.

ವಿಮೆಯವರಿಗೆ ಫೋನ್ ಮಾಡಿದಳು. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಂದು ಹುಡುಗಿಯ ದನಿ ಬಂತು.

“ನೀವು ರೋಗಿನಾ ಮೇಡಂ?”

“ಅಲ್ಲ.”

“ದೂರು ರೋಗಿನೇ ಕೊಡ್ಬೇಕು. ಅದೂ ಬಿಲ್ ನಮಗೆ ಬಂದ್ಮೇಲೆ.”

“ಬಿಲ್ ಬಂದ್ರೆ ಅವರ ಪಾಲು ಮುಗಿದೇ ಹೋಯ್ತಲ್ಲ?”

“ಹೌದು ಮೇಡಂ. ಬೇರೆ ಏನಾದ್ರೂ ಸಹಾಯ ಬೇಕಿತ್ತಾ?”

ಗುಬ್ಬಿಗೆ ಫೋನನ್ನು ಗೋಡೆಗೆ ಎಸೆಯುವಷ್ಟು ರೋಷ ಬಂತು. ಅದರ ಕಂತು ಇನ್ನೂ ತೀರಿರಲಿಲ್ಲ. ಚೀಲಕ್ಕೆ ಹಾಕಿಕೊಂಡಳು.

ಕೋಣೆಗೆ ಮರಳಿದರೆ ಅವಳ ಕುರ್ಚಿಯೇ ಇರಲಿಲ್ಲ. ಪಕ್ಕದ ಮೇಜಿನವಳು, ಮನೆಯಲ್ಲಿ ಹಸುಗೂಸು ಬಿಟ್ಟು ಬರುವವಳು, ತಲೆ ಎತ್ತದೆ ಪಿಸುಗುಟ್ಟಿದಳು: “ನನ್ ಕೈಲಿ ಹಾಕಿಸ್ದ. ಹೊಸ ತಂತಿ ಅಂತಾನೇ. ಬೈಯೋದಿದ್ರೆ ಬೈದ್ಬಿಡು.”

ಗುಬ್ಬಿ ಅವಳ ಮೇಜಿಗೆ ಬಾಗಿದಳು. “ಬಿಲ್ಲಿಗೆ ದೊಡ್ಡಮ್ಮನ ಹೆಬ್ಬೆಟ್ಟು ಒತ್ತಿಸ್ಕೊಂಡ್ರಾ?”

“ಇನ್ನೂ ಇಲ್ಲ. ಮನೆಗೆ ಕಳಿಸೋವಾಗ.”

ರೋಗಿಯ ಹೆಬ್ಬೆಟ್ಟಿಲ್ಲದೆ ಬಿಲ್ ವಿಮೆಯವರಿಗೆ ಹೋಗುವಂತಿಲ್ಲ. ಗುಬ್ಬಿ ಮೆಟ್ಟಿಲು ಹತ್ತಿದಳು.

ಇಸ್ತ್ರಿ ದೊಡ್ಡಮ್ಮ ಎಡಗೈಯನ್ನು ಜೋಳಿಗೆಪಟ್ಟಿಯಲ್ಲಿ ತೂಗುಹಾಕಿಕೊಂಡು, ಬಲಗೈಯಲ್ಲಿ ತಾನು ಮಲಗಿದ್ದ ದುಪ್ಪಟಿಯ ಸುಕ್ಕು ತೀಡುತ್ತಿದ್ದಳು. ಗುಬ್ಬಿ ಒಂದೇ ಉಸಿರಿಗೆ ಎಲ್ಲ ಹೇಳಿದಳು. ದೊಡ್ಡಮ್ಮ ತೀಡುವುದನ್ನು ನಿಲ್ಲಿಸಲಿಲ್ಲ.

“ತೇಪೆ ಚೆನ್ನಾಗಿ ಹಾಕಿದಾರಂತಾ?”

“ಚೆನ್ನಾಗೇ ಹಾಕಿದಾರಂತೆ.”

“ಹಾಗಾದ್ರೆ ಡಾಕ್ಟ್ರು ಒಳ್ಳೇರು. ಅದು ಕಿತ್ತೋದ್ರೆ?”

“ಹೊಸದು ಸಿಗಲ್ಲ ದೊಡ್ಡಮ್ಮ. ಸಿಕ್ಕಾಗಿದೆ ಅಂತ ಬರ್ದಿರ್ತಾರೆ.”

“ಬೇವರ್ಸಿ ನನ್ಮಕ್ಳು,” ಎಂದಳು ದೊಡ್ಡಮ್ಮ, ಹವಾಮಾನ ಹೇಳುವವಳಂತೆ.

ಅಷ್ಟರಲ್ಲಿ ಗಂಟಲು ಕಾಗದವನ್ನೂ ಶಾಯಿ ಡಬ್ಬಿಯನ್ನೂ ಹಿಡಿದು ಬಂದ. ಗುಬ್ಬಿಯನ್ನು ಕಂಡು ಅವನ ಮುಖ ಊದಿತು.

“ನಿನ್ ಪಾಸ್‌ವರ್ಡ್ ಕಿತ್ತಾಕಿದೀನಿ, ದರಿದ್ರ ಮುಂಡೆ. ಕೆಳಗೆ ಕಾಲಿಟ್ರೆ ನೋಡು.” ಆಮೇಲೆ ಬೆಲ್ಲದ ದನಿಯಲ್ಲಿ, “ಒತ್ತು ಅಜ್ಜಿ. ಮನೆಗೆ ಹೋಗಿ ಹಾಯಾಗಿರು.”

“ಹೊಸ ತಂತಿ ಹಾಕಿದೀರಾ ಸಾರ್?”

“ಹೂಂ, ಫಸ್ಟ್ ಕ್ಲಾಸ್ ತಂತಿ. ಮೊಮ್ಮಕ್ಳ ಮದುವೆ ನೋಡ್ತೀಯ.”

“ಹಾಗಾದ್ರೆ ಹಳೇದು ಕೊಡಿ.”

“ಯಾವ ಹಳೇದು?”

“ತೆಗ್ದಿದ್ದು. ಒಂದು ಹೊಸ ದುಪ್ಪಟಿ ಬೇಕು ಅಂದ್ರೆ ಹರ್ದಿದ್ದು ತಂದು ಮೇಜಿನ ಮೇಲೆ ಹಾಕು ಅಂತೀರಿ. ಇಸ್ತ್ರಿ ಕೆಟ್ಟು ಬಟ್ಟೆಗೆ ಬೆಂಕಿ ಹತ್ಕೊಂಡಿತ್ತಲ್ಲ, ಅವತ್ತು ಸುಟ್ಟ ದಿಂಬಿನ ಚೀಲದ ಬೂದಿ ಪೊಟ್ಟಣ ಕಟ್ಟಿ ತಂದ್ಕೊಟ್ಟ ಮೇಲೇ ನಿಮ್ ಸ್ಟೋರಿನೋರು ಹೊಸದು ಕೊಟ್ಟಿದ್ದು. ಈಗ ನನ್ನ ಹರ್ದಿದ್ದು ತೋರ್ಸಿ. ಒತ್ತೀನಿ.”

“ಅದನ್ನ ಕಸಕ್ಕೆ ಹಾಕಿದಾರೆ.”

“ಆಪರೇಷನ್ ಕೋಣೆ ಕಸ ಎತ್ತೋಳು ನನ್ನ ತಂಗಿ. ಕರೀರಿ, ಕೇಳೋಣ.”

“ಮುಚ್ಕೊಂಡು ಒತ್ತೇ ಮುದುಕಿ.” ಗಂಟಲು ಅವಳ ಬಲಗೈ ಎಳೆದುಕೊಂಡ. ದೊಡ್ಡಮ್ಮ ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಕಟ್ಟಿದಳು. ಅವನು ಕಿರುಬೆರಳಿನಿಂದ ಬಿಡಿಸತೊಡಗಿದ. ಒಂದು ಬಿಡಿಸಿದರೆ ಇನ್ನೊಂದು ಮುಚ್ಚುತ್ತಿತ್ತು. ಜನ್ಮವಿಡೀ ಇಸ್ತ್ರಿ ಪೆಟ್ಟಿಗೆ ಹಿಡಿದ ಬೆರಳುಗಳು. ಶಾಯಿ ಡಬ್ಬಿ ಮಗುಚಿ ದುಪ್ಪಟಿಯ ಮೇಲೆಲ್ಲ ನೀಲಿ ಹರಡಿತು. ಅವಳ ಎದೆಯ ಪಟ್ಟಿ ಏರಿ ಇಳಿಯುವುದನ್ನು ನೋಡಿ ಗುಬ್ಬಿ ಅವನ ಮಣಿಕಟ್ಟಿಗೆ ಎರಡೂ ಕೈ ಹಾಕಿದಳು.

“ಬಿಡೋ,” ಎಂದಳು. ಆ ಏಕವಚನ ಬಾಯಿಂದ ಬಿದ್ದ ಮೇಲೆ ಕೆಲಸ ಹೋಯಿತೆಂದು ಅವಳಿಗೆ ಖಾತ್ರಿಯಾಯಿತು.

ಗಂಟಲು ಕೈ ಕೊಡವಿ ಬಾಗಿಲಿಗೆ ಓಡಿ ಸೆಕ್ಯುರಿಟಿಯನ್ನು ಕೂಗಿದ. ವಾರ್ಡಿನಲ್ಲಿ ಮಲಗಿದ್ದವರು ಒಬ್ಬೊಬ್ಬರೇ ಮೊಣಕೈ ಊರಿ ಎದ್ದರು. ಪಕ್ಕದ ಮಂಚದ ಗಾರೆ ಕೆಲಸದವನು ದಿಂಬಿನಡಿಯಿಂದ ತನ್ನ ಕಾಗದ ಎಳೆದು ಗುಬ್ಬಿಯ ಮುಂದೆ ಹಿಡಿದ.

“ತಾಯಿ, ನನಗೆ ಏನೇನು ಹಾಕಿದೀವಿ ಅಂತ ಬರ್ದಿದಾರೆ, ಸ್ವಲ್ಪ ನೋಡು.”

ಹೊರಗೆ ಬೂಟಿನ ಸದ್ದು ಮೆಟ್ಟಿಲು ಹತ್ತುತ್ತಿತ್ತು. ಗುಬ್ಬಿ ಕಾಗದ ತೆಗೆದುಕೊಂಡಳು.

“ಜೋರಾಗಿ ಓದು,” ಎಂದಳು ದೊಡ್ಡಮ್ಮ, ಮುಷ್ಟಿ ಬಿಚ್ಚದೆ. “ಆ ಮೂಲೆಯೋರಿಗೂ ಕೇಳ್ಲಿ.”