ಮುಚ್ಚಳ ಇದ್ದಿದ್ದರೆ

ವಾಮದೇವಪ್ಪನವರು ದಾವಣಗೆರೆಯ ಒಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದರು. ೧೯೮೬ರ ಹೊತ್ತಿಗೆ, ಮೂರು ವರ್ಷ ಪಟ್ಟುಹಿಡಿದು, ಕಂಪ್ಯೂಟರಿಗೆ ತರ್ಕ ಮಾಡುವುದನ್ನೂ ಕಲಿಸಿದ್ದರು. ಗೊತ್ತಿರುವ ಸಂಗತಿಗಳ ಜೊತೆಗೆ ಸಾಧಿಸಬೇಕಾದ ಮಾತನ್ನು ಕೊಟ್ಟರೆ, ಅದು ಆ ಮಾತು ಸುಳ್ಳೆಂದು ಹಿಡಿದು ಹೊರಡುತ್ತಿತ್ತು. ದಾರಿಯಲ್ಲಿ ಗೊತ್ತಿರುವ ಸಂಗತಿಗೇ ವಿರೋಧ ಎದುರಾದರೆ, ಮಾತು ನಿಜವೆಂದು ‘ಸಿದ್ಧವಾಯಿತು’ ಎಂದು ಅಚ್ಚು ಹಾಕುತ್ತಿತ್ತು.

ಸುದ್ದಿ ಕೇಳಿ ಹರಿಹರದ ನೂಲಿನ ಗಿರಣಿಯೊಂದರ ಮ್ಯಾನೇಜರು ಬಂದರು. ಗಿರಣಿಯ ಯಂತ್ರವೊಂದರ ತಿರುಗುವ ಪಟ್ಟಿಗೆ ಸಿಕ್ಕಿ ಮುನಾಫ್ ಎಂಬ ಕಾರ್ಮಿಕನ ಬಲಗೈ ಬೆರಳುಗಳು ಹೋಗಿದ್ದವು. ಅಂದು ಪಟ್ಟಿಯ ಮೇಲೆ ಮುಚ್ಚಳವಿರಲಿಲ್ಲ. ಅದರ ವಿಚಾರಣೆ ಹರಿಹರದಲ್ಲಿ ನಡೆಯಲಿತ್ತು. ಮುಚ್ಚಳ ಇದ್ದಿದ್ದರೂ ಬೆರಳು ಹೋಗುತ್ತಿದ್ದವು ಎಂದಾದರೆ ತಪ್ಪು ಮುನಾಫನದು, ಅವನಿಗೆ ಕೆಲಸವಿಲ್ಲ. ಉಳಿಯುತ್ತಿದ್ದವು ಎಂದಾದರೆ ಗಿರಣಿ ಅವನಿಗೆ ಗೇಟಿನ ಕೆಲಸ ಕೊಡಬೇಕು. ವಾಮದೇವಪ್ಪನವರು ‘ಇದ್ದಿದ್ದರೂ ಹೋಗುತ್ತಿದ್ದವು’ ಎಂಬ ಮ್ಯಾನೇಜರ ಮಾತನ್ನು ಕಂಪ್ಯೂಟರಿಗೆ ಕೊಟ್ಟರು. ಸಿದ್ಧವಾಯಿತು. ಹೊರಗಿನವರು ತಂದ ಮೊದಲ ಪ್ರಶ್ನೆ ಅದು. ಹಿಗ್ಗಿನಲ್ಲಿ ಹಾಳೆಗೆ ಸಹಿ ಹಾಕಿದರು.

ಮೂರನೆಯ ದಿನ ಮುನಾಫನ ಹೆಂಡತಿ ಹಜೀರಾಬೀ ಬಸ್ಸು ಹಿಡಿದು ಬಂದಳು.

“ಮೇಷ್ಟ್ರೆ, ತಪ್ಪೆಲ್ಲ ನಮ್ಮ ಮನೆಯವ್ರದೇ ಅಂತಂತೆ ನಿಮ್ಮ ಮಿಷಿನ್ನು?”

“ಮಿಷಿನ್ನು ಸುಳ್ಳು ಹೇಳಲ್ಲ ತಾಯಿ.”

“ಹಂಗಾದ್ರೆ ನಂದೂ ಒಂದು ಕೇಳ್ರಿ. ಮುಚ್ಚಳ ಇದ್ದಿದ್ರೆ ಬೆರಳು ಉಳೀತಿದ್ವು ಅಂತ.”

ಒಲ್ಲೆನ್ನಲು ಕಾರಣ ಸಿಗಲಿಲ್ಲ. ಕೇಳಿದರು. ಸಿದ್ಧವಾಯಿತು.

“ಏನಂತ್ರಿ?”

“ಅದೂ ಸರಿಯಂತೆ.”

ಹಜೀರಾಬೀ ನಕ್ಕಳು. “ನಮ್ಮ ಓಣಿ ಮೌಲಾ ಸಾಬ್ ಹಿಂಗೇ ನೋಡ್ರಿ. ಅತ್ತೆ ಬಂದ್ರೆ ಅತ್ತೆ ಕಡೆ, ಸೊಸೆ ಬಂದ್ರೆ ಸೊಸೆ ಕಡೆ. ಆದ್ರೆ ಅವನ ಸಹಿ ಯಾರೂ ಕೇಳಲ್ಲ.”

ವಾಮದೇವಪ್ಪನವರು ಯಂತ್ರಕ್ಕೆ ಮತ್ತೊಂದು ವಾಕ್ಯ ಕೊಟ್ಟರು: ಮುಚ್ಚಳ ಇದ್ದಿದ್ದರೆ ತುಂಗಭದ್ರೆ ಹಿಂದಕ್ಕೆ ಹರಿಯುತ್ತಿತ್ತು. ಸಿದ್ಧವಾಯಿತು.

ತಪ್ಪು ಕಣ್ಣಿಗೆ ಬಿತ್ತು. ‘ಹೀಗಾದರೆ ಹಾಗೆ’ ಎಂಬ ಮಾತು, ಮೊದಲರ್ಧ ನಿಜವಾಗಿ ಎರಡನೆಯದು ಸುಳ್ಳಾದಾಗ ಮಾತ್ರ ಸುಳ್ಳು: ಇದು ಅವರೇ ಯಂತ್ರಕ್ಕೆ ಕಲಿಸಿದ ನಿಯಮ. ಅಂದು ಮುಚ್ಚಳ ಇರಲೇ ಇಲ್ಲ. ಮೊದಲರ್ಧವೇ ಸುಳ್ಳಾದ ಮೇಲೆ ಅದರ ಬೆನ್ನಿಗೆ ಏನು ಕಟ್ಟಿದರೂ ಯಂತ್ರ ಒಪ್ಪುತ್ತಿತ್ತು. ಲೆಕ್ಕ ಸರಿಯಿತ್ತು, ನಿಯಮ ಈ ಪ್ರಶ್ನೆಗೆ ತಕ್ಕುದಾಗಿರಲಿಲ್ಲ.

“ಇಲ್ಲದ ಮುಚ್ಚಳ ಇದ್ದಿದ್ದರೆ ಏನಾಗ್ತಿತ್ತು ಅಂತ ಹೆಂಗೆ ತಿಳಿಯೋದು?” ಎಂದು ತಮ್ಮಷ್ಟಕ್ಕೇ ಅಂದರು.

“ಪಕ್ಕದ ಮಿಷಿನ್ನಿಗೆ ಮುಚ್ಚಳ ಐತಲ್ರಿ! ಹೋದ ತಿಂಗಳು ಅಲ್ಲಿ ನಿಂಗಪ್ಪನ ಕೈನೂ ಜಾರ್ತು. ಒಂದು ಉಗುರು ಹೋತು, ಅಷ್ಟೇ.”

“ಎರಡೂ ಮಿಷಿನ್ನು ಒಂದೇ ಥರದವೇನು?”

“ಅವಳಿ ಇದ್ದಂಗೆ ಅದಾವ್ರಿ.”

ಮರುದಿನ ಹರಿಹರದ ವಿಚಾರಣೆಯಲ್ಲಿ ವಾಮದೇವಪ್ಪನವರು ಮ್ಯಾನೇಜರು ತಂದಿದ್ದ ಹಾಳೆಯ ಪಕ್ಕಕ್ಕೆ ಹಜೀರಾಬೀಯ ಹಾಳೆಯನ್ನೂ ತುಂಗಭದ್ರೆಯ ಹಾಳೆಯನ್ನೂ ಇಟ್ಟರು.

“ಈ ಸಹಿ ನಿಮ್ಮದೇ ಅಲ್ಲೇನ್ರಿ?” ಎಂದರು ಮ್ಯಾನೇಜರು.

“ನಂದೇ. ತಪ್ಪೂ ನಂದೇ.”

ವಿಚಾರಣಾಧಿಕಾರಿ ತುಂಗಭದ್ರೆಯ ಹಾಳೆಯನ್ನು ಎರಡು ಸಲ ಓದಿ, ಮೂರನ್ನೂ ಪಕ್ಕಕ್ಕೆ ಸರಿಸಿದರು. “ನಿಂಗಪ್ಪನ್ನ ಕರೀರಿ.”

ನಿಂಗಪ್ಪ ಬಂದು ಮೊಂಡು ಉಗುರು ತೋರಿಸಿದ. ಮುಂದಿನ ಸೋಮವಾರ ಮುನಾಫ್ ಎಡಗೈಯಿಂದ ಗಿರಣಿಯ ಗೇಟು ತೆರೆದ.

ವಾಮದೇವಪ್ಪನವರು ಹಳೆಯ ನಿಯಮವನ್ನು ಅಳಿಸಿ, ಮೊದಲರ್ಧ ನಿಜವಾಗಿದ್ದು ಉಳಿದದ್ದೆಲ್ಲ ಆದಷ್ಟೂ ಇದ್ದಂತೆಯೇ ಇರುವ ಸ್ಥಿತಿಯನ್ನು ಮೊದಲು ಹುಡುಕಿ, ಅಲ್ಲಿ ಎರಡನೆಯದು ನಿಜವೇ ಎಂದು ನೋಡುವಂತೆ ಕಂಪ್ಯೂಟರನ್ನು ತಿದ್ದತೊಡಗಿದರು. ಮತ್ತೆರಡು ವರ್ಷ ಹಿಡಿಯಿತು. ಮುಗಿದ ದಿನ ಮೊದಲು ಕೊಟ್ಟದ್ದು ತುಂಗಭದ್ರೆಯ ವಾಕ್ಯವನ್ನೇ. ಯಂತ್ರ ಒಪ್ಪಲಿಲ್ಲ. ಆ ಹಾಳೆಗೆ ಅವರು ಸಹಿ ಹಾಕಲಿಲ್ಲ; ದಿನಾಂಕವನ್ನಷ್ಟೇ ಬರೆದರು.