ಒಂದು ಹನಿ ನಿಂಬೆ

"ಮೀನಿನ ಮುಂದೆ ಈ ವೈನು ಸಪ್ಪಗಾಯ್ತು," ಎಂದು ಅವಳು ಗ್ಲಾಸನ್ನು ಪಕ್ಕಕ್ಕೆ ಸರಿಸಿದಳು. "ನಿಂಬೆ ಜಾಸ್ತಿ ಹಿಂಡಿದ್ದೀರ."

"ನಿಂಬೆ ಇಲ್ದಿದ್ರೆ ಬೆಣ್ಣೆ ಬಾಯಿಗೆ ಜಿಡ್ಡು ಕಟ್ಟುತ್ತೆ," ಎಂದ ಅವಳ ಗಂಡ. "ಇನ್ನೊಂದು ಬಾಟಲಿ ತೆಗಿ. ಇಲ್ಲಾ, ಮೀನನ್ನೇ ಇನ್ನೊಂದ್ಸಲ ಮಾಡ್ಲಾ?"

"ಮಾಡಿ."

ಆ ಹೋಟೆಲಿನಲ್ಲಿ ಅವನು ಅಡುಗೆಯವನು. ಯಾವ ಊಟಕ್ಕೆ ಯಾವ ವೈನು ಎಂದು ಆರಿಸುವುದು ಅವಳ ಕೆಲಸ. ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಇಬ್ಬರೂ ಕಿಟಕಿ ಪಕ್ಕದ ಮೇಜಿನ ಮುಂದೆ ಕೂತು ರುಚಿ ನೋಡುತ್ತಿದ್ದರು.

ಅವರು ಮಾತಾಡುತ್ತಿದ್ದದ್ದು ಅಲ್ಲಿ ಮಾತ್ರ. ಮಗಳು ಜ್ವರದಲ್ಲಿ ತೀರಿಕೊಂಡ ಮೇಲೆ ಮನೆಯಲ್ಲಿ ಇಬ್ಬರ ಬಾಯಿಗೂ ಬೀಗ ಬಿದ್ದಿತ್ತು. ಯಾರು ತುಟಿ ಬಿಚ್ಚಿದರೂ ಮಾತು 'ಅವತ್ತೇ ಆಸ್ಪತ್ರೆಗೆ ಹೋಗಿದ್ದರೆ' ಎನ್ನುವಲ್ಲಿಗೇ ಬಂದು ನಿಲ್ಲುತ್ತಿತ್ತು.

ಬಾಣಲೆಯ ವಾಸನೆಗೇ ಅವಳಿಗೆ ಸರಿಯಾದ ಬಾಟಲಿ ಯಾವುದೆಂದು ಗೊತ್ತಾಗುತ್ತಿತ್ತು. ಆದರೂ ಬೇಕೆಂದೇ ತಪ್ಪು ಬಾಟಲಿ ಮೊದಲು ತೆರೆಯುತ್ತಿದ್ದಳು, ಮಾತು ಇನ್ನಷ್ಟು ಹೊತ್ತು ನಡೆಯಲಿ ಎಂದು. ಕಣ್ಣು ಮುಚ್ಚಿ ಉಪ್ಪು ಹಾಕಿದರೂ ಹದ ತಪ್ಪದ ಮನುಷ್ಯ ಅವನು. ಅಂಥವನು ದಿನಾ ನಿಂಬೆಯಲ್ಲಿ ಎಡವುವುದೇಕೆ ಎಂದು ಅವಳು ಕೇಳಿರಲಿಲ್ಲ. ಕೇಳಿದರೆ ಅವನು ಎಡವುವುದನ್ನೇ ನಿಲ್ಲಿಸಿಬಿಟ್ಟಾನೆಂಬ ಭಯ.

ಅಷ್ಟರಲ್ಲಿ ಹೋಟೆಲಿನ ಯಜಮಾನರು ಬಂದು ಕುರ್ಚಿ ಎಳೆದುಕೊಂಡರು. "ಇನ್ಮೇಲೆ ಇದೆಲ್ಲ ಬೇಡ ಕಣಮ್ಮ. ಮೀನಿಗೆ ಯಾವುದು, ಮಾಂಸಕ್ಕೆ ಯಾವುದು ಅಂತ ವೈನ್ ಕಂಪನಿಯವರೇ ಹೇಳಿ ಕಳಿಸ್ತಾರಂತೆ. ನೀನು ಸುರಿದುಕೊಟ್ರೆ ಸಾಕು. ನಿಮ್ಮಿಬ್ಬರಿಗೂ ಒಂದು ತಲೆನೋವು ತಪ್ತು."

ಇಬ್ಬರೂ ತಲೆಯಾಡಿಸಿದರು. ಗಂಡ ಪ್ಲೇಟು ಎತ್ತಿಕೊಂಡು ಒಳಗೆ ಹೋದ. ಅವಳು ತೆರೆದ ಬಾಟಲಿಗೆ ಮತ್ತೆ ಬಿರಡೆ ಹಾಕಿದಳು.

ಮಾರನೆಯ ದಿನ ರಜೆ. ಅವಳು ಮನೆಯ ಮೇಜಿನ ಮೇಲೆ ಎರಡು ಗ್ಲಾಸಿಟ್ಟು, ಬೇಕೆಂದೇ ಮೀನಿಗೆ ಒಗ್ಗದ ಒಗರು ಕೆಂಪು ವೈನು ಸುರಿದಳು. ಅವನು ಮೀನು ಬೇಯಿಸಿ ತಂದಿಟ್ಟ. ಒಂದು ಗುಟುಕು ಕುಡಿದು, ಏನೂ ಹೇಳದೆ ಗ್ಲಾಸು ಕೆಳಗಿಟ್ಟ.

ಅವಳು ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡಳು. ಉಪ್ಪು ಸರಿಯಾಗಿತ್ತು. ಬೆಣ್ಣೆ ಸರಿಯಾಗಿತ್ತು. ಎಲ್ಲಾದರೂ ಒಂದು ಹನಿ ಹೆಚ್ಚಾಗಿರಲಿ ಎಂದು ನಿಧಾನವಾಗಿ ಅಗಿದಳು. ನಿಂಬೆಯೂ ಸರಿಯಾಗಿತ್ತು.

ಅವನು ತಲೆ ತಗ್ಗಿಸಿ ಮುಳ್ಳು ಬಿಡಿಸುತ್ತಿದ್ದ. ಬಿಡಿಸಿದ ಮುಳ್ಳುಗಳನ್ನು ತಟ್ಟೆಯ ಅಂಚಿನಲ್ಲಿ ಒಂದೊಂದಾಗಿ ಇಡುತ್ತಿದ್ದ.